ಹೊರಗಿನವರ ಫೀಸು

"ಒಂದು ಸಹಿ, ಒಂದು ಕೋಣೆ. ಅಷ್ಟೇ ಪುಟ್ಟಿ ನಾನು ಕೇಳ್ತಿರೋದು," ಎಂದು ಅಣ್ಣ ಮೇಜಿನ ಮೇಲಿದ್ದ ಹಾಳೆಯನ್ನು ತಂಗಿಯ ಕಡೆಗೆ ತಿರುಗಿಸಿದ.

ನಲವತ್ತೈದು ದಾಟಿದ ಹೆಂಗಸನ್ನು ಪುಟ್ಟಿ ಎನ್ನುವವರು ಈಗ ಅವನೊಬ್ಬನೇ ಉಳಿದಿದ್ದ. ಅವನಾದರೂ ಹಾಗೆ ಕರೆಯುತ್ತಿದ್ದದ್ದು ಏನಾದರೂ ಬೇಕಾದಾಗ ಮಾತ್ರ. ಬೀದಿಯವರಿಗೆ ಅವಳು ಹಲ್ಲಕ್ಕ. ಕೆಳಗಿನ ಅಂತಸ್ತಿನಲ್ಲಿ ಅವಳ ಕಟ್ಟುಹಲ್ಲಿನ ಲ್ಯಾಬು, ಮೇಲೆ ಎರಡು ಕೋಣೆಯ ಮನೆ. ಊರಿನ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ಕಳಿಸಿದರೆ ಅದಕ್ಕೆ ಕೂರುವಂಥ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕೆಲಸ. ಹಲ್ಲು ಮಸೆಯುವುದೇ ನನ್ನ ಕಸುಬು ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಯಾರ ಮೇಲೆ ಎಂದು ಯಾರೂ ಕೇಳಿರಲಿಲ್ಲ.

ಅಣ್ಣ ಗಡಿಯಾಚೆಯ ರಾಜ್ಯದಲ್ಲಿ ಆಡಿಟರ್. ಹೆಂಡತಿಯೂ ಅವನನ್ನು ಆಡಿಟರ್ ಎಂದೇ ಕರೆಯುವಷ್ಟು ಆಡಿಟರ್. ಹಾಳೆಯ ಎಡಗಡೆ ಈ ಊರಿನ ವಿಶ್ವವಿದ್ಯಾಲಯವನ್ನೂ ಬಲಗಡೆ ತನ್ನ ರಾಜ್ಯದ ಕಾಲೇಜನ್ನೂ ಬರೆದು, ಕೆಳಗೆ ಖರ್ಚುಗಳನ್ನು ಒಂದರ ಕೆಳಗೊಂದು ಇಳಿಸಿದ್ದ. ಮಗಳಿಗೆ ಇಲ್ಲಿ ಪಶುವೈದ್ಯಕ್ಕೆ ಸೀಟು ಸಿಕ್ಕಿತ್ತು. ಆದರೆ ಹೊರರಾಜ್ಯದವರಿಗೆ ಫೀಸು ಸ್ಥಳೀಯರ ಮೂರು ಪಟ್ಟು. ಅದರಲ್ಲಿ ಕಾಲು ಭಾಗವನ್ನು ನೆರವೆಂದು ವಿಶ್ವವಿದ್ಯಾಲಯವೇ ಬಿಟ್ಟುಕೊಡುತ್ತಿತ್ತು. ಬಿಟ್ಟರೂ ಉಳಿದದ್ದು ಬೆಟ್ಟದಷ್ಟು, ಅದರ ಮೇಲೆ ಹಾಸ್ಟೆಲ್ಲು, ಊಟ, ಓಡಾಟ. ಅವರ ರಾಜ್ಯದಲ್ಲಿ ಪಶುವೈದ್ಯವೇ ಇರಲಿಲ್ಲ. ಮನೆಯಿಂದ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿ ಒಂದು ಸಾದಾ ವಿಜ್ಞಾನದ ಪದವಿ ಇತ್ತು, ಹೆಚ್ಚುಕಡಿಮೆ ಪುಕ್ಕಟೆ.

ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂಥ ದಾರಿಯೊಂದನ್ನು ಅಣ್ಣ ಇವೆರಡರ ನಡುವೆ ಹುಡುಕಿ ತೆಗೆದಿದ್ದ. ಒಂದು ವರ್ಷದಿಂದ ಈ ರಾಜ್ಯದಲ್ಲಿ ಪೋಷಕರಾಗಿ ನಿಂತ ಬಂಧುವೊಬ್ಬರ ಮನೆಯಲ್ಲಿದ್ದವರಿಗೂ ಸ್ಥಳೀಯರ ಫೀಸೇ ಅನ್ವಯಿಸುತ್ತದೆ. ಹುಡುಗಿ ಶಾಲೆ ಮುಗಿಸಿ ಒಂದು ವರ್ಷ ಮನೆಯಲ್ಲೇ ಕೂತು ಪ್ರವೇಶ ಪರೀಕ್ಷೆಗೆ ಓದಿದ್ದಳು. ಆ ವರ್ಷವನ್ನು ಅತ್ತೆಯ ಮನೆಯಲ್ಲಿ ಕಳೆದಳು ಎಂದರೆ ಆಯಿತು. ತಪಾಸಣೆಗೆ ಒಬ್ಬರು ಬರುತ್ತಾರೆ, ಕೋಣೆ ನೋಡುತ್ತಾರೆ, ನಾಲ್ಕು ಪ್ರಶ್ನೆ ಕೇಳುತ್ತಾರೆ, ಹೋಗುತ್ತಾರೆ. ಹಾಗೆಂದು ಬರೆದ ಘೋಷಣೆಗೆ ತಾನು ಆಗಲೇ ಸಹಿ ಹಾಕಿಯಾಗಿದೆ ಎಂದ.

"ಯೋಚ್ನೆ ಮಾಡಿ ಹೇಳು, ಅವಸರ ಇಲ್ಲ," ಎಂದು ಅವಸರವಾಗಿ ಸೇರಿಸಿದ.

ಅವಳು ಹಾಳೆಯನ್ನೇ ನೋಡುತ್ತಿದ್ದಳು. ಅಂಕಿಗಳನ್ನಲ್ಲ. ಎಡ, ಬಲ, ನಡುವೆ ಗೆರೆ ಎಳೆಯುವ ಆ ಕೈಯ ಅಭ್ಯಾಸವನ್ನು. ಅವಳಿಗೆ ಹದಿನೆಂಟಾಗಿದ್ದಾಗ ತಂದೆಯ ಊಟದ ಮೇಜಿನ ಮೇಲೆ ಇದೇ ಕೈ ಇಂಥದ್ದೇ ಗೆರೆ ಎಳೆದಿತ್ತು. ಅವಳಿಗೆ ಇದೇ ವಿಶ್ವವಿದ್ಯಾಲಯದಲ್ಲಿ, ಇದೇ ಊರಿನಲ್ಲಿ, ದಂತವೈದ್ಯಕ್ಕೆ ಸೀಟು ಬಂದಿತ್ತು. ಅರ್ಧ ಫೀಸಿನ ನೆರವು, ಪಾಸಾಗುತ್ತಾ ಹೋದರೆ ಕೊನೆಯ ವರ್ಷದ ತನಕ. ಆಗಿನ್ನೂ ಲೆಕ್ಕಪತ್ರ ಕಲಿಯುತ್ತಿದ್ದ ಅಣ್ಣ ತಂದೆಗೆ ವಿವರಿಸಿದ: ಹೊರಗಿನವರಿಗೆ ನೆರವು ಮೊದಲ ವರ್ಷ ಮಾತ್ರ, ಆಮೇಲೆ ಕೈ ಎತ್ತುತ್ತಾರೆ. ಅರ್ಧ ದಾರಿಯಲ್ಲಿ ಹುಡುಗಿಯನ್ನು ವಾಪಸ್ ಕರೆತರುವುದಕ್ಕಿಂತ ಇರೋದರಲ್ಲೇ ಓದಲಿ. ತಂದೆ ತಲೆಯಾಡಿಸಿದರು. ಮುಂದಿನ ವರ್ಷ ಅಣ್ಣ ಆಡಿಟರ್ ತರಬೇತಿಗೆಂದು ದೂರದ ದೊಡ್ಡ ನಗರಕ್ಕೆ ಹೋದ. ಹಣ ಎಲ್ಲಿಂದ ಬಂತೆಂದು ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಅವಳು ಇರೋದರಲ್ಲೇ ಓದಿದಳು. ಕಟ್ಟುಹಲ್ಲಿನ ಕೆಲಸದ ಸರ್ಟಿಫಿಕೇಟು ಹಿಡಿದು ಈ ಊರಿಗೇ ಬಂದಳು, ಹಟಕ್ಕೆ ಬಿದ್ದವಳಂತೆ. ತನ್ನ ಜೊತೆ ಓದಬೇಕಾಗಿದ್ದವರು ವೈದ್ಯರಾಗಿ ಕಳಿಸುವ ಅಚ್ಚುಗಳಿಗೆ ಹಲ್ಲು ಕೂರಿಸುತ್ತಾ ಇಷ್ಟು ವರ್ಷ ಕಳೆದಳು. ತಾಳಿದವನು ಬಾಳಿಯಾನು ಎಂದು ಅಮ್ಮ ಸಾಯುವ ತನಕ ಹೇಳುತ್ತಿದ್ದಳು. ಹಲ್ಲಕ್ಕ ತಾಳಿದ್ದಳು. ಮರೆತಿರಲಿಲ್ಲ.

"ಆಯ್ತು," ಎಂದಳು. "ನನ್ನ ಸಹಿ ಮಾತ್ರ ತಪಾಸಣೆಯವರ ಎದುರಿಗೇ ಹಾಕ್ತೀನಿ. ಆಗ ಅವ್ರಿಗೂ ನಂಬಿಕೆ ಬರುತ್ತೆ."

ಇಷ್ಟು ಸಲೀಸಾಗಿ ಒಪ್ಪುತ್ತಾಳೆಂದು ಅಣ್ಣ ಎಣಿಸಿರಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಕೆಲಸವಾಯಿತೆಂದು ಹಿಗ್ಗಿ, ಎರಡನೇ ಲೋಟ ಚಹಾ ಕೇಳಿ ಕುಡಿದ. ಹೊರಡುವಾಗ ನಿನ್ನ ಮನಸ್ಸು ದೊಡ್ಡದು ಎಂದ. ದೊಡ್ಡದೇ ಇತ್ತು. ಅದರೊಳಗೆ ಆ ಊಟದ ಮೇಜು, ಸುತ್ತಲಿನ ಕುರ್ಚಿಗಳು ಎಲ್ಲ ಅಲುಗಾಡದೆ ಕೂತಿದ್ದವು.

ಅವನು ಹೋದ ಮೇಲೆ ಅವಳು ಅವನು ಬಿಟ್ಟುಹೋಗಿದ್ದ ಸ್ಥಳೀಯ ಫೀಸಿನ ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದ ನಿಯಮಗಳನ್ನು ಓದಿದಳು. ಸುಳ್ಳು ಘೋಷಣೆ ಎಂದು ವರದಿಯಾದರೆ ಸೀಟು ರದ್ದು, ಘೋಷಿಸಿದವರ ಹೆಸರು ಅವರ ವೃತ್ತಿಯ ಸಂಘಕ್ಕೆ ಹೋಗುತ್ತದೆ. ವರದಿಯಾಗುವ ಮೊದಲೇ ಅರ್ಜಿ ಹಿಂಪಡೆದರೆ ತೊಂದರೆಯಿಲ್ಲ. ಸೀಟೂ ಉಳಿಯುತ್ತದೆ, ಹೊರಗಿನವರ ಫೀಸು, ಹೊರಗಿನವರ ನೆರವು. ಎರಡನೆಯದನ್ನು ಅವಳು ಒಮ್ಮೆ ಓದಿ ಅಲ್ಲಿಗೇ ಬಿಟ್ಟಳು. ಮೊದಲನೆಯದನ್ನು ಮತ್ತೆ ಮತ್ತೆ ಓದಿದಳು. ಊರವರ ಸುಳ್ಳುಲೆಕ್ಕ ಹಿಡಿಯುವ ಆಡಿಟರ್ ತಾನೇ ಸುಳ್ಳು ಬರೆದು ಸಿಕ್ಕಿಬೀಳುತ್ತಾನೆ. ಅದಕ್ಕೆ ಅವಳು ಒಂದೇ ಒಂದು ಸುಳ್ಳನ್ನೂ ಹೇಳಬೇಕಾಗಿಲ್ಲ. ಬಂದವರು ಕೇಳುತ್ತಾರೆ, ಅವಳು ನಿಜ ಹೇಳುತ್ತಾಳೆ. ಸತ್ಯ ನುಡಿಯುವುದು ಇಷ್ಟು ರುಚಿಯಾದ ಕೆಲಸ ಎಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ.

ಹುಡುಗಿ? ಹುಡುಗಿಯ ಬಗ್ಗೆ ಅವಳು ಹೆಚ್ಚು ಯೋಚಿಸಲಿಲ್ಲ. ತನ್ನ ಬಗ್ಗೆ ಆಗ ಯಾರು ಯೋಚಿಸಿದ್ದರು?

ನೆರೆಹೊರೆಯವರಿಗೆ ಮುಖಪರಿಚಯವಿರಲಿ ಎಂದು ಅಣ್ಣ ಮಗಳನ್ನು ಕೆಲವು ವಾರ ಮೊದಲೇ ಕಳಿಸಿಕೊಟ್ಟ. ಬಂದವಳು ಅತ್ತೆಯ ಕಾಲಿಗೆ ಬಿದ್ದು ನಮಸ್ಕರಿಸುವ ಜಾತಿಯವಳಲ್ಲ. ಉದ್ದ ಕಾಲು, ಗಂಟು ಮುಖ, ಕೇಳಿದ್ದಕ್ಕೆ ಅಳೆದು ತೂಗಿ ಒಂದು ಮಾತು. ಚೀಲದಿಂದ ಬೇಕಾದ ಬಟ್ಟೆಯನ್ನಷ್ಟೇ ಹೊರಗೆ ತೆಗೆದು, ಒಗೆದು, ಮತ್ತೆ ಚೀಲಕ್ಕೇ ಹಾಕುತ್ತಿದ್ದಳು. ಒಂದು ವರ್ಷದಿಂದ ಇರುವವರ ಕೋಣೆ ಹೀಗಿರುತ್ತದೆಯೇ ಎಂದು ಹಲ್ಲಕ್ಕ ಕೇಳಿದಳು. ಹಾಗಾದರೆ ನೀವೇ ಏನಾದರೂ ಹರವಿ ಎಂದಳು ಹುಡುಗಿ. ಹಲ್ಲಕ್ಕ ಹಳೆಯ ಪರದೆ ತೆಗೆದು ಹೊಸದು ಹಾಕಿದಳು, ಗೋಡೆಗೆ ಮೊಳೆ ಹೊಡೆದಳು, ಮೇಜಿನ ಮೇಲೆ ಪುಸ್ತಕ ಪೇರಿಸಿದಳು. ಬಲೆ ಹೆಣೆಯುವುದಾದರೆ ನೀಟಾಗಿ ಹೆಣೆಯಬೇಕೆಂಬುದು ಅವಳ ಪಾಲಿಸಿ. ಕೆಲಸ ಮಾಡುತ್ತಾ ರಾಗ ಗುನುಗುತ್ತಿದ್ದಳು. ಹಲ್ಲಕ್ಕನಿಗೆ ಏನೋ ಒಳ್ಳೆಯ ಸುದ್ದಿ ಬಂದಿರಬೇಕು ಎಂದು ಅಚ್ಚು ತರುವವನು ವೈದ್ಯರ ಹತ್ತಿರ ಹೇಳಿದ.

ಹುಡುಗಿ ಎರಡನೇ ವಾರ ತಾನಾಗಿಯೇ ಲ್ಯಾಬಿಗೆ ಇಳಿದು ಬಂದಳು. ಗೋಡೆಯ ಕಪಾಟಿನಲ್ಲಿ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕೂತಿದ್ದವು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಹಲ್ಲು ನೋಡಿ ಕುದುರೆಯ ವಯಸ್ಸು ಹೇಳಬಹುದು ಎಂದಳು, ಯಾರಿಗೂ ಅಲ್ಲ ಎನ್ನುವಂತೆ. ಮನುಷ್ಯರದ್ದು ನೋಡಿದರೆ ನಿದ್ದೆಯಲ್ಲಿ ಯಾರು ಹಲ್ಲು ಕಡಿಯುತ್ತಾರೆ ಎಂದು ಹೇಳಬಹುದು ಎಂದಳು ಹಲ್ಲಕ್ಕ. ಹುಡುಗಿ ಅವಳ ಬಾಯಿಯ ಕಡೆಗೆ ನೋಡಿದಳು.

"ನಿಮ್ದು ಕೆಳಗಿನ ಸಾಲು ಪೂರ್ತಿ ಸವೆದಿದೆ ಅತ್ತೆ."

ಹಲ್ಲಕ್ಕ ತುಟಿ ಮುಚ್ಚಿದಳು. ಇಷ್ಟು ವರ್ಷ ದಂತವೈದ್ಯರ ನಡುವೆಯೇ ಓಡಾಡಿದ್ದರೂ ಯಾರೊಬ್ಬರೂ ಅವಳ ಹಲ್ಲು ನೋಡಿರಲಿಲ್ಲ. ಸಿಟ್ಟೂ ಬಂತು, ನಗುವೂ ಬಂತು. ಮೇಣ ಕೆತ್ತುವ ಚಾಕು ಕೊಟ್ಟು, ಸುಮ್ಮನೆ ನಿಂತಿರಬೇಡ, ಇದರ ಅಂಚು ನುಣುಪು ಮಾಡು ಎಂದಳು. ಹುಡುಗಿಯ ಕೈ ಚೆನ್ನಾಗಿತ್ತು. ಅದಾದ ಮೇಲೆ ದಿನಾ ಬರತೊಡಗಿದಳು. ಇಬ್ಬರೂ ಮಾತಿಲ್ಲದೆ ಎದುರುಬದುರು ಕೂತು ಕೆಲಸ ಮಾಡುತ್ತಿದ್ದರು. ಮಾತಿಲ್ಲದೆ ಕೂರಬಲ್ಲವರು ಸಿಗುವುದು ಅಪರೂಪ ಎಂದು ಹಲ್ಲಕ್ಕನಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ತನ್ನ ಮೇಲೇ ರೇಗಿತು.

ತಪಾಸಣೆಗೆ ಇನ್ನೇನು ಎರಡು ದಿನವಿದೆ ಎನ್ನುವಾಗ, ಇದು ಆಗದೇ ಹೋದರೆ ಏನು ಮಾಡುತ್ತೀಯ ಎಂದು ಹಲ್ಲಕ್ಕ ಕೇಳಿದಳು. ಬೇಟೆಗೆ ಮುಂಚೆ ಬಾಣದ ಮೊನೆ ಮುಟ್ಟಿ ನೋಡಿದ ಹಾಗೆ ಕೇಳಿದ ಪ್ರಶ್ನೆ ಅದು.

"ಏನೂ ಇಲ್ಲ. ಮನೆ ಹತ್ರದ ಕಾಲೇಜು." ಹುಡುಗಿ ಕೈಯಲ್ಲಿದ್ದ ಮೇಣದಿಂದ ಕಣ್ಣೆತ್ತಲಿಲ್ಲ. "ಅಪ್ಪಂಗೆ ಅದೇ ಇಷ್ಟ. ಅತ್ತೆ ಒಪ್ಪಿದ್ರೆ ನೋಡೋಣ, ಒಪ್ಪಲಿಲ್ಲ ಅಂದ್ರೆ ದೇವ್ರು ದಾರಿ ತೋರಿಸ್ದ ಅಂದ್ಕೊಳೋಣ ಅಂತ ಅಮ್ಮಂಗೆ ಹೇಳ್ತಿದ್ರು."

"ದುಡ್ಡಿಲ್ವಾ?"

"ಇದೆ. ತಮ್ಮನಿಗೆ ಇಟ್ಟಿದಾರೆ. ಅವ್ನು ಎರಡು ಸಲ ಫೇಲು, ಆದ್ರೂ ಮುಂದಿನ ವರ್ಷ ಹೊರಗಡೆ ದುಡ್ಡು ಕೊಟ್ಟು ಸೇರಿಸ್ತಾರಂತೆ. ಹುಡುಗ ಅಲ್ವಾ."

ಹೇಳಿದ ದನಿಯಲ್ಲಿ ದೂರಿರಲಿಲ್ಲ. ಮಳೆ ಬರುತ್ತದೆ ಎಂದು ಹೇಳುವವರ ದನಿ ಅದು. ಹಲ್ಲಕ್ಕನ ಕೈಯಲ್ಲಿದ್ದ ಮೇಣದ ಹಲ್ಲು ಒತ್ತಡಕ್ಕೆ ಚಪ್ಪಟೆಯಾಗಿತ್ತು. ಅದನ್ನು ಕಸಕ್ಕೆ ಎಸೆದು ಬೇರೆ ತೆಗೆದುಕೊಂಡಳು.

ಆ ದಿನವೆಲ್ಲ ಅವಳು ತನ್ನನ್ನೇ ಬೈದುಕೊಂಡಳು. ಎಂಥ ದಡ್ಡಿ ತಾನು! ಅವಳು ನಿಜ ಹೇಳಿ ಸೀಟು ತಪ್ಪಿಸಿದರೆ ಅಣ್ಣನಿಗೆ ಆಗುವ ನಷ್ಟವಾದರೂ ಏನು? ಸಂಘಕ್ಕೆ ಹೆಸರು ಹೋದರೆ ನಾಲ್ಕು ದಿನ ಮುಖ ಬಾಡಿಸಿಕೊಂಡಾನು, ಯಾರನ್ನೋ ಹಿಡಿದು ಸರಿಮಾಡಿಕೊಂಡಾನು. ಹುಡುಗಿ ಮನೆ ಹತ್ತಿರದ ಕಾಲೇಜಿಗೆ ಹೋಗುತ್ತಾಳೆ, ಹಣ ಇಟ್ಟಲ್ಲೇ ಉಳಿಯುತ್ತದೆ, ತಪ್ಪೆಲ್ಲ ಅತ್ತೆಯದು ಎಂದಾಗುತ್ತದೆ. ಸುಳ್ಳಿಗೆ ಸಹಿ ಹಾಕಿದರೂ ಲಾಭ ಅವನಿಗೆ, ನಿಜ ಹೇಳಿದರೂ ಲಾಭ ಅವನಿಗೆ. ಎರಡೂ ಕಡೆಯಿಂದ ತಿನ್ನುವವನ ಲೆಕ್ಕ. ಅವನು ಆಗಲೂ ಹಾಗೇ, ಈಗಲೂ ಹಾಗೇ. ಅರ್ಜಿಯನ್ನು ತೆಗೆದು ಹಿಂಬದಿಯ ನಿಯಮಗಳನ್ನು ಮತ್ತೆ ಓದಿದಳು. ಈ ಸಲ ಎರಡನೆಯದನ್ನು ಬಾಯಿಪಾಠವಾಗುವಷ್ಟು ಓದಿದಳು.

ತಪಾಸಣೆಯ ದಿನ ಅಣ್ಣ ಬೆಳಿಗ್ಗೆಯೇ ಬಂದ, ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಉಳಿದಷ್ಟು ಕೂದಲು. ವಿಶ್ವವಿದ್ಯಾಲಯದಿಂದ ಬಂದದ್ದು ವಯಸ್ಸಾದ ಒಬ್ಬ ಹೆಂಗಸು. ಮೆಟ್ಟಿಲು ಹತ್ತಿ ಸುಸ್ತಾಗಿ ಕುರ್ಚಿಯಲ್ಲಿ ಕೂತರು. ಕೋಣೆ ನೋಡಿದರು, ಪರದೆ ಮುಟ್ಟಿದರು, ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದರು. ಅಣ್ಣ ಬಾಯಿ ತುಂಬ ಹಲ್ಲು ತೋರಿಸಿ ನಕ್ಕ. ಮಗಳು ಒಂದು ವರ್ಷದಲ್ಲಿ ಅತ್ತೆಯನ್ನು ಎಷ್ಟು ಹಚ್ಚಿಕೊಂಡಿದ್ದಾಳೆಂದರೆ ತಂದೆತಾಯಿಯೇ ಬೇಡ ಎನ್ನುತ್ತಾಳೆ ಎಂದು ಯಾರೂ ಕೇಳದಿದ್ದರೂ ಹೇಳಿದ. ಹುಡುಗಿ ಅಡುಗೆಮನೆಯ ಬಾಗಿಲ ಪಕ್ಕ ಒರಗಿ ನೆಲ ನೋಡುತ್ತಿದ್ದಳು.

ತಪಾಸಣೆಯ ಹೆಂಗಸು ಪೆನ್ನು ತೆಗೆದು, ಹುಡುಗಿ ಯಾವಾಗಿನಿಂದ ನಿಮ್ಮ ಜೊತೆ ಇದ್ದಾಳೆ ಎಂದು ಹಲ್ಲಕ್ಕನನ್ನು ಕೇಳಿದರು.

ಹಲ್ಲಕ್ಕ ಎದ್ದಳು. ಬಿಸಿಲಿನಲ್ಲಿ ಬಂದಿದ್ದೀರಿ, ಕುಡಿಯಲು ಏನಾದರೂ ತರುತ್ತೇನೆ, ಒಂದೈದು ನಿಮಿಷ ಎಂದಳು. ಅಣ್ಣನಿಗೆ, ಮೇಲಿನ ಕಪಾಟಿನಿಂದ ಸಕ್ಕರೆ ಡಬ್ಬಿ ಇಳಿಸಿಕೊಡಬೇಕು, ಬಾ ಎಂದು ಅಡುಗೆಮನೆಗೆ ಕರೆದಳು. ಅವನು ಬಂದು ಕಪಾಟಿನ ಕಡೆ ಕೈ ಚಾಚಿದ. ಅವಳು ಬಾಗಿಲು ಅರ್ಧ ಮುಚ್ಚಿದಳು.

"ಸಕ್ಕರೆ ಕೆಳಗೇ ಇದೆ," ಎಂದಳು, ದನಿ ತಗ್ಗಿಸಿ. "ನೀನೀಗ ಹೋಗಿ ಅವ್ರಿಗೆ ಅರ್ಜಿ ವಾಪಸ್ ತಗೋತೀನಿ ಅಂತ ಹೇಳು. ಹೊರಗಿನವರ ಫೀಸೇ ಕಟ್ತೀನಿ ಅನ್ನು. ನೀನು ಹೇಳಲಿಲ್ಲ ಅಂದ್ರೆ ನಾನು ಹೋಗಿ ಅವಳು ಬಂದದ್ದು ಯಾವತ್ತು ಅಂತ ಹೇಳ್ತೀನಿ."

ಅಣ್ಣ ಕೈ ಇಳಿಸಲು ಮರೆತು ಹಾಗೇ ನಿಂತ. ತಮಾಷೆಯೇ ಎಂದು ಮುಖ ನೋಡಿದ. ಅಲ್ಲವೆಂದು ತಿಳಿದ ಮೇಲೆ ಪಿಸುದನಿಯಲ್ಲಿ ಬೇಡಿದ, ಗದರಿದ, ಮತ್ತೆ ಬೇಡಿದ. ರಕ್ತಸಂಬಂಧ ಎಂದ. ಸಂಘಕ್ಕೆ ಹೆಸರು ಹೋದರೆ ನನ್ನ ಕಸುಬಿನ ಗತಿಯೇನು ಎಂದ. ಹಣ ಎಲ್ಲಿಂದ ತರಲಿ ಎಂದ. ಎಲ್ಲಿಟ್ಟಿದ್ದೀಯೋ ಅಲ್ಲಿಂದಲೇ ಎಂದಳು ಅವಳು. ಅವನಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಆ ಮುಖವನ್ನು ಹಲ್ಲಕ್ಕ ಚಪ್ಪರಿಸಿಕೊಂಡು ನೋಡಿದಳು. ಇಪ್ಪತ್ತೇಳು ವರ್ಷ ಕಾದ ಊಟ. ಅವಸರದಲ್ಲಿ ನುಂಗುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ.

"ಆಗ ನಂಗೆ ಇಪ್ಪತ್ತೋ ಇಪ್ಪತ್ತೊಂದೋ," ಎಂದ ಅವನು ಕೊನೆಗೆ. ಅವಳು ಯಾವುದರ ಸುದ್ದಿಯನ್ನೂ ಎತ್ತಿರಲಿಲ್ಲ. "ನಿಜವಾಗ್ಲೂ ನೆರವು ಒಂದೇ ವರ್ಷ ಅಂತ ಓದ್ಕೊಂಡೆ ಪುಟ್ಟಿ. ಆಮೇಲೆ ಗೊತ್ತಾಯ್ತು. ಅಷ್ಟು ಹೊತ್ತಿಗೆ ಅಪ್ಪ ದುಡ್ಡು..."

ಹಾಗಾದರೆ ಗೊತ್ತಾಗಿತ್ತು. ಇಷ್ಟು ವರ್ಷ ಅವಳು ತನಗೆ ತಾನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದೊಂದೇ ಆಗಿತ್ತು: ಸುಳ್ಳೋ, ತಪ್ಪೋ? ಉತ್ತರ ಸಿಕ್ಕಿತು, ಸಿಕ್ಕರೂ ಸಿಟ್ಟು ಇಳಿಯಲಿಲ್ಲ.

"ಮಗನಿಗೆ ಏನು ಮಾಡ್ಲಿ ಹೇಳು," ಎಂದ.

"ಇರೋದರಲ್ಲೇ ಓದಲಿ."

ಅವನಿಗೆ ಆ ಮಾತು ನೆನಪಿತ್ತೋ ಇಲ್ಲವೋ. ಬಹುಶಃ ಇರಲಿಲ್ಲ. ಹೊಡೆದವರಿಗೆ ಮರೆವು ಜಾಸ್ತಿ. ಅಣ್ಣ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ಲೆಕ್ಕದವನ ತಲೆ ಆ ಗಳಿಗೆಯಲ್ಲೂ ಕೆಲಸ ಮಾಡುತ್ತಿತ್ತು: ಸರಿ, ಫೀಸು ಕಟ್ಟುತ್ತೇನೆ, ಹುಡುಗಿ ನಿನ್ನ ಹತ್ತಿರವೇ ಇರಲಿ, ಹಾಸ್ಟೆಲ್ಲಿನ ಖರ್ಚಾದರೂ ಉಳಿಯುತ್ತದೆ ಎಂದ.

ಲ್ಯಾಬಿನಲ್ಲಿ ಎದುರಿಗೆ ಕೂತು ಅಂಚು ನುಣುಪು ಮಾಡುತ್ತಿದ್ದ ಆ ಉದ್ದ ಬೆರಳುಗಳು ಹಲ್ಲಕ್ಕನ ಕಣ್ಣ ಮುಂದೆ ಬಂದವು. ಇರಲಿ ಎನ್ನುವುದು ಎಷ್ಟು ಸುಲಭವಿತ್ತು. ಆದರೆ ಹಾಗೆ ಅಂದುಬಿಟ್ಟರೆ ಅದೂ ಅವನಿಗೆ ಉಳಿತಾಯವೇ.

"ಹಾಸ್ಟೆಲ್ಲೇ," ಎಂದಳು. "ಒಳ್ಳೇ ರೂಮು ಕೊಡಿಸು."

ಅಣ್ಣ ಹೊರಗೆ ಹೋದ. ತಪಾಸಣೆಯ ಹೆಂಗಸಿಗೆ ಅವನು ಹೇಳುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಮನೆಯಲ್ಲಿ ಚರ್ಚೆ ಮಾಡಿದೆವು, ಹೆಣ್ಣುಮಗು, ಎಷ್ಟಾದರೂ ಖರ್ಚಾಗಲಿ ನ್ಯಾಯವಾಗಿ ಹೋಗೋಣ ಅನ್ನಿಸಿತು ಎಂದ. ಬಿದ್ದರೂ ಮೂಗು ಮೇಲೆ. ಅವರು ನಿಟ್ಟುಸಿರು ಬಿಟ್ಟು, ಇದನ್ನು ಮೊದಲೇ ಹೇಳಿದ್ದರೆ ನಾನು ಇಷ್ಟು ಮೆಟ್ಟಿಲು ಹತ್ತುವುದು ತಪ್ಪುತ್ತಿತ್ತಲ್ಲ ಎಂದು ಅರ್ಜಿ ಹಿಂಪಡೆದು ಹೊರಗಿನವರ ಫೀಸು ಕಟ್ಟುತ್ತೇನೆಂದು ಒಪ್ಪುವ ಕಾಗದ ತೆಗೆದುಕೊಟ್ಟರು. ನೆರವು ಹಾಗೇ ಇರುತ್ತದೆ, ವಾರದೊಳಗೆ ಮೊದಲ ಕಂತು ಕಟ್ಟಿ ಎಂದರು. ಅಣ್ಣ ಸಹಿ ಹಾಕಿದ. ಹಲ್ಲಕ್ಕ ತಂದ ಶರಬತ್ತನ್ನು ಅವರು ಪೂರ್ತಿ ಕುಡಿದರು, ಅವನು ಮುಟ್ಟಲಿಲ್ಲ.

ಅವರು ಹೋದ ಮೇಲೆ, ಬ್ಯಾಂಕು ಮುಚ್ಚುವ ಮುಂಚೆ ಹೋಗೋಣ, ನಿನ್ನ ಚೀಲ ತಗೊಂಡು ಬಾ, ಹಾಗೇ ಹಾಸ್ಟೆಲ್ಲು ನೋಡಿಬಿಡೋಣ ಎಂದು ಅಣ್ಣ ಮಗಳಿಗೆ ಹೇಳಿ, ತಂಗಿಯ ಕಡೆ ತಿರುಗದೆ ಮೆಟ್ಟಿಲಿಳಿದ. ಹುಡುಗಿ ಚೀಲ ತಂದು ಹಲ್ಲಕ್ಕನ ಎದುರಿಗೆ ನಿಂತಳು. ಅಡುಗೆಮನೆಯ ಬಾಗಿಲು ಅರ್ಧವೇ ಮುಚ್ಚಿತ್ತು ಎಂಬುದು ಅವಳ ಮುಖ ನೋಡಿದಾಗ ಹಲ್ಲಕ್ಕನಿಗೆ ಹೊಳೆಯಿತು.

"ನಂಗೋಸ್ಕರ ಮಾಡಿದ್ರಾ, ಅಪ್ಪನ ಮೇಲಿನ ಸೇಡಿಗೆ ಮಾಡಿದ್ರಾ?"

ಸುಳ್ಳು ಹೇಳಬಹುದಿತ್ತು. ಆ ದಿನ ಆ ಮನೆಯಲ್ಲಿ ಒಂದು ಸುಳ್ಳು ಹೆಚ್ಚಾದರೆ ಯಾರಿಗೂ ತೊಂದರೆಯಿರಲಿಲ್ಲ.

"ಸೇಡಿಗೇ," ಎಂದಳು ಹಲ್ಲಕ್ಕ.

ಹುಡುಗಿ ಅದನ್ನು ಅಳೆದು ತೂಗಿದಳು.

"ಹಾಗಾದ್ರೆ ನನ್ನ ಮೇಲೆ ನಿಮ್ಮ ಋಣ ಏನೂ ಇಲ್ಲ."

"ಇಲ್ಲ."

"ಒಳ್ಳೇದಾಯ್ತು ಅತ್ತೆ," ಎಂದು ಹುಡುಗಿ ಚೀಲವನ್ನು ಹೆಗಲಿಗೇರಿಸಿದಳು. ಮುಖದ ಗಂಟು ಮೊದಲ ಸಲ ಸಡಿಲವಾಗಿತ್ತು. ಒಂದೊಂದು ಮೆಟ್ಟಿಲು ಬಿಟ್ಟು ಒಂದರ ಮೇಲೆ ಕಾಲಿಡುತ್ತಾ ಇಳಿದು ಹೋದಳು.

ಹಲ್ಲಕ್ಕ ಕಿಟಕಿಗೆ ಬಂದು ನಿಂತಳು. ಕೆಳಗೆ ಬೀದಿಯ ಅಂಚಿನಲ್ಲಿ ಅಣ್ಣ ಫೋನಿನಲ್ಲಿ ಯಾರಿಗೋ ಏನನ್ನೋ ಒಪ್ಪಿಸುತ್ತಿದ್ದ, ಬಹುಶಃ ಹೆಂಡತಿಗೆ. ಇನ್ನೊಂದು ಸಲ ಅವನ ಮುಖ ನೋಡಬೇಕೆಂದು ಅವಳಿಗೆ ಆಸೆಯಿತ್ತು. ಮೇಲಿನಿಂದ ಕಾಣುತ್ತಿದ್ದದ್ದು ನೆತ್ತಿ ಮಾತ್ರ, ನಡುವೆ ಬೋಳಾಗಿ ಬಿಸಿಲಿಗೆ ಹೊಳೆಯುವ, ಎರಡೂ ಪಕ್ಕ ನರೆತ, ಥೇಟು ಅಪ್ಪನ ನೆತ್ತಿ. ಹುಡುಗಿ ಬಂದು ಅವನಿಗಾಗಿ ಕಾಯದೆ ಮುಂದೆ ನಡೆದಳು. ಅವನು ಫೋನು ಜೇಬಿಗಿಟ್ಟು, ತಿರುಗಿ, ಕಣ್ಣಿಗೆ ಕೈ ಅಡ್ಡ ಹಿಡಿದು ಕಿಟಕಿಯ ಕಡೆ ತಲೆಯೆತ್ತಿದ.

ಅವಳು ಕಿಟಕಿಯಿಂದ ಹಿಂದೆ ಸರಿಯಲಿಲ್ಲ.